ಕರಕುಮ್ ದಾಟಲು ಯಾವ ವೀಸಾ: ಟ್ರಾನ್ಸಿಟ್ಟೋ, ಗೈಡ್ ಜೊತೆಗಿನ ಪ್ರವಾಸವೋ?

ಮಧ್ಯ ಏಷ್ಯಾದ ತುರ್ಕಮೆನಿಸ್ತಾನವನ್ನು, ಅದರ ಬಹುಭಾಗಕ್ಕೆ ಹಬ್ಬಿರುವ ಕರಕುಮ್ ಮರುಭೂಮಿಯನ್ನು ವಿಮಾನ ಹತ್ತದೆ, ನೆಲದ ಮೇಲೆಯೇ ದಾಟಬೇಕೆಂದು ಹಟ ಹಿಡಿದವರಿಗೆ ಎರಡು ಬಗೆಯ ವೀಸಾ ಇದೆ. ಟ್ರಾನ್ಸಿಟ್ ವೀಸಾದಲ್ಲಿ ಒಂದು ನೆರೆಯ ದೇಶದಿಂದ ಒಳಗೆ ಬಂದು ಇನ್ನೊಂದು ನೆರೆಯ ದೇಶಕ್ಕೆ ಹೊರಬೀಳಲು ಸಾಮಾನ್ಯವಾಗಿ ಮೂರರಿಂದ ಐದು ದಿನ ಕೊಡುತ್ತಾರೆ. ಗೈಡ್ ಬೇಕಿಲ್ಲ. ಪ್ರವಾಸಿ ವೀಸಾ ಬೇಕೆಂದರೆ ಅಲ್ಲಿನ ಪ್ರವಾಸ ಸಂಸ್ಥೆಯೊಂದರ ಮೂಲಕ ಆಹ್ವಾನ ಪತ್ರ ತರಿಸಿಕೊಳ್ಳಬೇಕು, ದೇಶದೊಳಗೆ ಗೈಡ್ ಜೊತೆಗೇ ತಿರುಗಬೇಕು. ನಾನು 2019ರ ಅಕ್ಟೋಬರ್‌ನಲ್ಲಿ ಮೊದಲ ಬಗೆಯಲ್ಲಿ ಒಬ್ಬನೇ ದಾಟಿದೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಗಡಿಗಳು 2023ರಲ್ಲಿ ತೆರೆದ ಮೇಲೆ ಎರಡನೆಯ ಬಗೆಯಲ್ಲಿ ಹೋದೆ, ಈ ಸಲ ಜೊತೆಗೆ ಚಿಕ್ಕಪ್ಪ ಇದ್ದರು. ಅವರು ಸೇನೆಯಿಂದ ನಿವೃತ್ತರಾದವರು. ಜೈಸಲ್ಮೇರಿನ ಮರಳಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ಇನ್ನೊಂದು ಮರುಭೂಮಿ ಯಾಕೆ ಬೇಕಾಯಿತೆಂದು ಮನೆಯವರೆಲ್ಲ ಕೇಳಿದರು. ಅವರು ಯಾರಿಗೂ ಉತ್ತರ ಕೊಡಲಿಲ್ಲ.

ಅಕ್ಟೋಬರ್ ಅನ್ನುವುದಕ್ಕೆ ಕಾರಣವಿದೆ. ಕೊಡಗಿನಲ್ಲಿ ತೋಟ ಇಟ್ಟುಕೊಂಡವರಿಗೆ ಬಿಡುವು ಸಿಗುವುದು ಮಳೆ ಹಿಂದೆ ಸರಿದು ಅರೇಬಿಕಾ ಹಣ್ಣಾಗುವ ನಡುವಿನ ಆ ಕೆಲವೇ ವಾರಗಳಲ್ಲಿ. ತಲಕಾವೇರಿಯ ತೀರ್ಥೋದ್ಭವ ಮುಗಿಸಿ ಹೊರಟರೆ ಕೊಯ್ಲಿಗೆ ಆಳು ಹುಡುಕುವ ಹೊತ್ತಿಗೆ ಮನೆ ಸೇರಬಹುದು. ಕರಕುಮ್‌ಗೂ ಅದೇ ಸರಿಯಾದ ಕಾಲ. ಬೇಸಿಗೆಯಲ್ಲಿ ಅಲ್ಲಿ 45 ಡಿಗ್ರಿ ದಾಟುತ್ತದೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಹೀಗೆ ತಾರೀಖು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲದವನು ಎರಡು ವೀಸಾಗಳನ್ನು ಅಳೆದು ನೋಡಿದ ಲೆಕ್ಕ ಇದು. ವರ್ಷವಿಡೀ ಬಿಡುವಿರುವವರ ಲೆಕ್ಕ ಬೇರೆಯೇ ಇರಬಹುದು.

ಮೊದಲು ಕಾಗದಪತ್ರ. ಟ್ರಾನ್ಸಿಟ್‌ನಲ್ಲಿ ಒಂದು ವೀಸಾ ಇನ್ನೊಂದರ ಬಾಲ ಹಿಡಿದಿರುತ್ತದೆ. ಬರುವ ದೇಶದ ಮತ್ತು ಹೋಗುವ ದೇಶದ ವೀಸಾಗಳನ್ನು ಮೊದಲು ಕೈಯಲ್ಲಿ ಹಿಡಿದುಕೊಂಡೇ ಅರ್ಜಿ ಹಾಕಬೇಕು. ಉಜ್ಬೇಕಿಸ್ತಾನದ್ದು ಸುಲಭ. 2018ರಿಂದ ಭಾರತೀಯರಿಗೆ ಇ-ವೀಸಾ ಇದೆ, ಒಂದು ಪ್ರವೇಶಕ್ಕೆ 20 ಡಾಲರ್, ಮನೆಯಲ್ಲೇ ಕುಳಿತು ತುಂಬಬಹುದು. ಇರಾನಿನದು ಇನ್ನಷ್ಟು ದಿನ ಹಿಡಿಯುತ್ತದೆ. ಇವೆರಡೂ ಬಂದ ಮೇಲೆ ದೆಹಲಿಯ ತುರ್ಕಮೆನಿಸ್ತಾನ ರಾಯಭಾರ ಕಚೇರಿಗೆ ಅರ್ಜಿ, ಯಾವ ಗಡಿಯಿಂದ ಒಳಗೆ, ಯಾವ ಊರುಗಳ ಮೂಲಕ, ಯಾವ ಗಡಿಯಿಂದ ಹೊರಗೆ ಎಂದು ಬರೆದ ಪತ್ರದ ಸಮೇತ. ಉತ್ತರ ಯಾವಾಗ ಬರುತ್ತದೆಂಬ ಖಾತರಿ ಇಲ್ಲ. ಬಂದರೂ ಹೌದೋ ಅಲ್ಲವೋ ಎಂಬುದು ಅದೃಷ್ಟ, ಅಲ್ಲ ಎಂದರೆ ಕಾರಣ ಹೇಳುವ ಪದ್ಧತಿ ಇಲ್ಲ. ಅಷ್ಟರಲ್ಲಿ ಉಜ್ಬೇಕ್ ವೀಸಾದ ದಿನಗಳು ಕರಗುತ್ತಿರುತ್ತವೆ. ರೈಲೂ ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆಯಿಂದ ಹೊರಡುವವನಿಗೆ ಈ ಅನಿಶ್ಚಯವೇ ದೊಡ್ಡ ತಲೆನೋವು. ಮಡಿಕೇರಿಯಿಂದ ಬೆಂಗಳೂರು, ಅಲ್ಲಿಂದ ದೆಹಲಿ, ದೆಹಲಿಯಿಂದ ತಾಶ್ಕೆಂಟ್ ಎಂದು ಕೊಂಡಿ ಜೋಡಿಸಿಟ್ಟ ಟಿಕೆಟ್‌ಗಳಲ್ಲಿ ಒಂದು ಜಾರಿದರೆ ಉಳಿದವೆಲ್ಲ ಜಾರಿದಂತೆ. ನನಗೆ ವೀಸಾ ಸಿಕ್ಕಿತು. ಸಿಗದೆ ಉಜ್ಬೇಕಿಸ್ತಾನದ ಬುಖಾರಾದಿಂದಲೇ ಹಿಂತಿರುಗಿದವರನ್ನು ದಾರಿಯಲ್ಲಿ ಕಂಡೆ.

ಪ್ರವಾಸಿ ವೀಸಾದಲ್ಲಿ ಇಷ್ಟು ಎದೆಬಡಿತವಿಲ್ಲ. ಪಾಸ್‌ಪೋರ್ಟ್‌ನ ಸ್ಕ್ಯಾನ್, ಭಾವಚಿತ್ರ ಮತ್ತು ಉದ್ಯೋಗದ ಪುರಾವೆಯನ್ನು ಸಂಸ್ಥೆಗೆ ಇಮೇಲ್ ಮಾಡಿದರೆ ಅವರು ಅಲ್ಲಿನ ವಲಸೆ ಇಲಾಖೆಯಿಂದ ಆಹ್ವಾನ ಪತ್ರ ತರಿಸುತ್ತಾರೆ. ವೀಸಾದ ಮುದ್ರೆಯನ್ನು ಗಡಿಯಲ್ಲೇ ಹಾಕುತ್ತಾರೆ, ಪಾಸ್‌ಪೋರ್ಟನ್ನು ದೆಹಲಿಗೆ ಅಟ್ಟುವ ಕೆಲಸವಿಲ್ಲ. ಆದರೆ ಆ ‘ಉದ್ಯೋಗದ ಪುರಾವೆ’ ಎಂಬ ಒಂದು ಸಾಲು ನಮ್ಮಂಥವರನ್ನು ಸುಸ್ತು ಹೊಡೆಸುತ್ತದೆ. ಕಾಫಿ ಬೆಳೆಗಾರನಿಗೆ ಯಾವ ಕಂಪನಿ ಪತ್ರ ಕೊಡುತ್ತದೆ? ಸಂಬಳದ ಚೀಟಿ ಇಲ್ಲ. ಹಸಿ ಕಾಫಿ ಮಾರುವವರ ಆದಾಯ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲವಾದ್ದರಿಂದ ರಿಟರ್ನ್ಸ್ ಸಲ್ಲಿಸಿದ ದಾಖಲೆಯೂ ಇಲ್ಲ. ಪಹಣಿ ತೋರಿಸೋಣವೆಂದರೆ ನಮ್ಮದು ಜಮ್ಮಾ ಜಮೀನು, ಅಂದರೆ ಕೊಡಗಿನಲ್ಲಿ ತಲೆಮಾರುಗಳಿಂದ ಇಡೀ ಕುಟುಂಬಕ್ಕೆ ಸೇರಿ ಬಂದ ಭೂಮಿ. ಅದರಲ್ಲಿ ಮೊದಲಿಗೆ ಕಾಣುವುದು ಎಂದೋ ತೀರಿಕೊಂಡ ಪಟ್ಟೇದಾರರ ಹೆಸರು, ನನ್ನ ಹೆಸರು ಕುಟುಂಬದ ಇನ್ನೂ ಅನೇಕರ ನಡುವೆ ಎಲ್ಲೋ ಕೆಳಗಿದೆ. ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮುದ್ರೆ ಹಾಕಿಸಿ, ಲೆಕ್ಕಪರಿಶೋಧಕರಿಂದ ‘ಇವರು ಸ್ವಂತ ತೋಟದ ಬೆಳೆಗಾರರು’ ಎಂಬ ಪತ್ರ ಬರೆಸಿ ಕಳುಹಿಸಿದೆ. ರಾಜಧಾನಿ ಅಶ್ಗಾಬಾತ್‌ನ ಯಾವ ಗುಮಾಸ್ತ ಅದನ್ನು ಓದಿ ಏನು ಅರ್ಥ ಮಾಡಿಕೊಂಡನೋ, ಪತ್ರ ಮಂಜೂರಾಯಿತು. ಚಿಕ್ಕಪ್ಪನದು ಸಲೀಸು, ಪಿಂಚಣಿ ಪುಸ್ತಕದ ಪ್ರತಿ ಸಾಕಾಯಿತು.

“ನೋಡು, ಸರ್ಕಾರಿ ಪಿಂಚಣಿಯ ಬೆಲೆ ಈಗ ಗೊತ್ತಾಯಿತಲ್ಲ ನಿನಗೆ?” ಎಂದರು.

“ಗೊತ್ತಾಯಿತು ಚಿಕ್ಕಪ್ಪ, ನಿಮ್ಮ ಪಿಂಚಣಿಯಲ್ಲೇ ಗೈಡ್‌ಗೂ ಕೊಟ್ಟುಬಿಡಿ” ಎಂದೆ.

ಹಣದ ಮಾತಿಗೆ ಬಂದರೆ ಇವೆರಡೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಟ್ರಾನ್ಸಿಟ್‌ನಲ್ಲಿ ವೀಸಾ ಶುಲ್ಕ, ಗಡಿಯಲ್ಲಿ ವಲಸೆ ಕಾರ್ಡಿನ ಡಾಲರ್‌ಗಳು, ಆಮೇಲೆ ಶೇರ್ ಟ್ಯಾಕ್ಸಿ ಮತ್ತು ರೈಲಿನ ಪುಡಿಗಾಸು, ಅಷ್ಟೇ. ಪ್ರವಾಸಕ್ಕೆ ನಮಗೆ ಕೇಳಿದ ದರ ಒಬ್ಬರಾದರೆ ದಿನಕ್ಕೆ ಹೆಚ್ಚು ಕಡಿಮೆ 200 ಡಾಲರ್, ಇಬ್ಬರಾದರೆ ತಲಾ ಸಾಕಷ್ಟು ಇಳಿಯುತ್ತದೆ, ನಾಲ್ವರಾದರೆ ಇನ್ನೂ ಇಳಿಯುತ್ತದೆ. ಕಾರು, ಚಾಲಕ, ಗೈಡ್, ಹೋಟೆಲ್ ಎಲ್ಲ ಸೇರಿದ್ದು. ಇದರ ಮೇಲೆ ಗಡಿಯಲ್ಲಿ ವೀಸಾ ಶುಲ್ಕ ಮತ್ತು ಕೋವಿಡ್ ಪರೀಕ್ಷೆಯದೊಂದು ಶುಲ್ಕವನ್ನು ಡಾಲರ್‌ನಲ್ಲೇ ಕೊಟ್ಟೆವು. ಯಾವ ವೀಸಾ ಆದರೂ ಮಡಚು ಬೀಳದ, ಗೀಚಿಲ್ಲದ ಹೊಸ ಡಾಲರ್ ನೋಟುಗಳನ್ನೇ ಒಯ್ಯಬೇಕು. ನಮ್ಮ ಕಾರ್ಡ್‌ಗಳನ್ನು ಅಲ್ಲಿ ನಂಬಿಕೊಳ್ಳುವಂತಿಲ್ಲ. ಅಲ್ಲಿನ ಹಣ ಮನಾತ್. 2015ರಿಂದ ಡಾಲರಿಗೆ 3.5 ಮನಾತ್ ಎಂಬ ಅಧಿಕೃತ ದರವನ್ನು ಕಟ್ಟಿಟ್ಟಿದ್ದಾರೆ. ಸಂತೆಯ ದರ ಅದರ ಹಲವು ಪಟ್ಟು, ಆದರೆ ಅದು ಕಾನೂನುಬಾಹಿರ. ಆ ದಾರಿಯನ್ನು ನಾನಿಲ್ಲಿ ವಿವರಿಸುವುದಿಲ್ಲ.

ಈಗ ಗಡಿ. ಉಜ್ಬೇಕಿಸ್ತಾನದ ಕಡೆಯಿಂದ ನಾನು ಒಳಗೆ ಹೋಗಲು ಬಳಸಿದ ಬಾಗಿಲುಗಳು ಎರಡು: ಮೊದಲ ಸಲ ಬುಖಾರಾದಿಂದ ಸುಮಾರು 100 ಕಿಲೋಮೀಟರ್ ದೂರದ ಅಲಾತ್–ಫರಾಪ್, ಮತ್ತು ಚಿಕ್ಕಪ್ಪನ ಜೊತೆ ಖೀವಾದ ಕಡೆಯಿಂದ ಶವಾತ್–ದಾಶೋಗುಜ್. ನನ್ನ ಮಟ್ಟಿಗೆ ವೀಸಾ ಯಾವುದು ಎಂಬುದಕ್ಕಿಂತ ಬಾಗಿಲು ಯಾವುದು ಎಂಬುದೇ ಹೆಚ್ಚು ಮುಖ್ಯವಾಯಿತು.

ಫರಾಪ್ ಲಾರಿಗಳ ಗಡಿ. ಉಜ್ಬೇಕ್ ಕಡೆಯ ಕಟ್ಟಡದಿಂದ ಹೊರಬಿದ್ದ ಮೇಲೆ ಎರಡು ದೇಶಗಳ ನಡುವಿನ ಯಾರದೂ ಅಲ್ಲದ ನೆಲವನ್ನು ಒಂದು ಮಿನಿಬಸ್ಸಿನಲ್ಲಿ ದಾಟಿಸುತ್ತಾರೆ. ಹತ್ತು ಜನ ಸೇರುವವರೆಗೆ ಅದು ಕದಲುವುದಿಲ್ಲ. ಪಕ್ಕದಲ್ಲಿ ಲಾರಿಗಳ ಸಾಲು. ಚಾಲಕರು ಒಲೆ ಹಚ್ಚಿ ಚಹಾ ಕಾಯಿಸಿಕೊಂಡು ಕುಳಿತಿದ್ದರು, ಅವರ ಮುಖ ನೋಡಿದರೆ ನಿನ್ನೆಯಿಂದ ಇಲ್ಲೇ ಇದ್ದಾರೆಂದು ಗೊತ್ತಾಗುತ್ತಿತ್ತು. ಕೋವಿಡ್ ಕಾಲದಲ್ಲಿ ಕೇರಳ ಗಡಿಯ ಮಾಕುಟ್ಟ ಚೆಕ್‌ಪೋಸ್ಟ್‌ನಲ್ಲಿ ವರದಿ ಹಿಡಿದು ನಿಂತವರಿಗೆ ಈ ಕಾಯುವಿಕೆಯ ರುಚಿ ಗೊತ್ತು.

ಸುಂಕದ ಮೇಜಿನ ಮೇಲೆ ನನ್ನ ಚೀಲವನ್ನು ಪೂರ್ತಿ ಬರಿದು ಮಾಡಿಸಿದರು. ಅದರಲ್ಲಿ ಕಾಲು ಕಿಲೋ ಕಾಫಿ ಪುಡಿ ಇತ್ತು, ಮನೆಯಲ್ಲೇ ಹುರಿದು ಬೀಸಿ ಚಿಕೋರಿ ಬೆರೆಸಿದ್ದು, ಮೇಲೆ ಹೆಸರಿಲ್ಲದ ಪ್ಲಾಸ್ಟಿಕ್ ಪೊಟ್ಟಣ. ಹೆಸರಿಲ್ಲದ ಕಂದು ಪುಡಿ! ಹುಡುಗು ಪ್ರಾಯದ ಅಧಿಕಾರಿ ಪೊಟ್ಟಣ ಬಿಚ್ಚಿ ಮೂಸಿ ನೋಡಿದ, ಚಿಟಿಕೆಯಷ್ಟನ್ನು ಅಂಗೈಗೆ ಹಾಕಿಕೊಂಡು ಉಜ್ಜಿದ, ನಾಲಗೆಯ ತುದಿಗೆ ಇಟ್ಟು ಮುಖ ಹಿಂಡಿದ. ಹಿರಿಯನೊಬ್ಬನನ್ನು ಕರೆದ. ಅವನೂ ಮೂಸಿದ. ಲೋಟ ಎತ್ತಿ ಕುಡಿಯುವ ಅಭಿನಯ ಮಾಡಿ ತೋರಿಸಿದೆ. ಹಿರಿಯನಿಗೆ ನಗು ಬಂತು, ಕಿರಿಯನಿಗೆ ಬರಲಿಲ್ಲ. ಪುಡಿ ಚೀಲಕ್ಕೆ ವಾಪಸಾಯಿತು. ಕಾಫಿ ಒಯ್ಯುವವರು ಚೀಟಿ ಅಂಟಿಸಿದ, ಸೀಲು ಒಡೆಯದ ಪೊಟ್ಟಣವನ್ನೇ ಒಯ್ಯಿರಿ.

ಕಾಫಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡದ್ದು ಔಷಧಿ. ಒಂದೊಂದು ಪಟ್ಟಿಯ ಹೆಸರನ್ನೂ ಓದಿದರು. ಎರಡೂ ದೇಶಗಳಲ್ಲಿ ಟ್ರಾಮಡಾಲ್, ಕೊಡೀನ್ ಇರುವ ಮಾತ್ರೆ ಮತ್ತು ಸಿರಪ್‌ಗಳ ಬಗ್ಗೆ ತುಂಬ ಬಿಗಿ. ನಮ್ಮಲ್ಲಿ ಕೆಮ್ಮಿಗೆಂದು ಕುಡಿಯುವ ಬಾಟಲಿ ಅಲ್ಲಿ ಠಾಣೆಯ ಮೆಟ್ಟಿಲು ಹತ್ತಿಸಬಹುದು. ಮುಂದೆ ಚಿಕ್ಕಪ್ಪನ ಜೊತೆ ಹೋದಾಗ ಅವರ ಮಂಡಿನೋವಿನ ಮಾತ್ರೆಗಳನ್ನು ಮಡಿಕೇರಿಯ ವೈದ್ಯರ ಬಳಿ ಬದಲಾಯಿಸಿಕೊಂಡು, ಚೀಟಿಯನ್ನು ಅಚ್ಚು ಮಾಡಿಸಿಯೇ ಹೊರಟೆವು. ಕ್ಯಾಮೆರಾ ಡ್ರೋನ್ ಇದ್ದರೆ ಮನೆಯಲ್ಲೇ ಬಿಡಿ. ಉಜ್ಬೇಕಿಸ್ತಾನದೊಳಕ್ಕೇ ಅದನ್ನು ತರುವಂತಿಲ್ಲ.

ಶವಾತ್–ದಾಶೋಗುಜ್ ಇದಕ್ಕೆ ಪೂರ್ತಿ ಭಿನ್ನ. ಲಾರಿ ಕಡಿಮೆ, ಜನ ಕಡಿಮೆ, ಬೆಳಿಗ್ಗೆ ಬೇಗ ಹೋದರೆ ಸಾಲೇ ಇಲ್ಲ. ಚೀಲ ಬಿಚ್ಚಿಸಿದರು, ಆದರೆ ಹಿಂದೆ ನಿಂತವರ ಗಲಾಟೆ ಇಲ್ಲದ್ದರಿಂದ ಅವರಿಗೂ ಅವಸರವಿಲ್ಲ, ನಮಗೂ ಇಲ್ಲ. ಗೈಡ್ ಆಚೆ ಕಡೆ ಆಹ್ವಾನ ಪತ್ರದ ಪ್ರತಿ ಹಿಡಿದು ನಿಂತಿದ್ದಳು. ಅವಳಿದ್ದದ್ದರಿಂದ ಗಡಿ ಬೇಗ ಮುಗಿಯಿತೆಂದು ಹೇಳಲಾರೆ. ನಮೂನೆಗಳು ಅವೇ, ಮುದ್ರೆಗಳು ಅವೇ, ಶುಲ್ಕದ ಕಿಟಕಿಯಿಂದ ಕಿಟಕಿಗೆ ಓಡಾಟವೂ ಅದೇ. ಆದರೆ ಯಾವ ಕಿಟಕಿ ಎಂದು ಹೇಳುವವರೊಬ್ಬರಿದ್ದರು. ರಷ್ಯನ್ ಬಾರದವರಿಗೆ ಅಷ್ಟು ಸಾಕು.

ಮರುಭೂಮಿಯ ಒಳಗಿನ ಅನುಭವದಲ್ಲಿ ಮಾತ್ರ ನನ್ನ ಓಟು ಟ್ರಾನ್ಸಿಟ್‌ಗೆ. ಫರಾಪ್ ದಾಟಿದರೆ ಸಿಗುವ ತುರ್ಕಮೆನಾಬಾತ್ ನಗರದಲ್ಲಿ ಶೇರ್ ಟ್ಯಾಕ್ಸಿ ತುಂಬುವವರೆಗೆ ಕಾದು, ಮುದುಕಿಯೊಬ್ಬರು ಕೈಗಿಟ್ಟ ಕಲ್ಲಂಗಡಿ ಹೋಳು ತಿನ್ನುತ್ತ ಮರಿ ಎಂಬ ನಗರಕ್ಕೆ ಹೋದ ದಾರಿ ನನಗೆ ಇಂದಿಗೂ ಇಷ್ಟ. ಯಾರೂ ಏನನ್ನೂ ವಿವರಿಸುತ್ತಿರಲಿಲ್ಲ. ಸಾಕ್ಸೌಲ್ ಪೊದೆ, ಮರಳು, ಮತ್ತೆ ಪೊದೆ, ಇದ್ದಕ್ಕಿದ್ದಂತೆ ಹಸಿರು ಹತ್ತಿ ಹೊಲ. 1954ರಲ್ಲಿ ತೋಡಲು ಆರಂಭಿಸಿದ, ಸುಮಾರು 1,375 ಕಿಲೋಮೀಟರ್ ಉದ್ದದ ಕರಕುಮ್ ಕಾಲುವೆಯ ನೀರು ಅದು. ಅಮು ದರಿಯಾ ನದಿಯಿಂದ ಹೀಗೆ ಎತ್ತಿದ ನೀರೇ ಅರಲ್ ಸಮುದ್ರ ಬತ್ತಿದ್ದಕ್ಕೆ ಒಂದು ಕಾರಣ. ಕಾವೇರಿ ಹುಟ್ಟುವ ಜಿಲ್ಲೆಯವನಿಗೆ, ನದಿಯನ್ನು ಹಂಚುವ ಜಗಳ ಎಲ್ಲಿಯವರೆಗೆ ಹೋಗಬಹುದೆಂದು ಅಲ್ಲಿ ಕಣ್ಣಾರೆ ಕಂಡಂತಾಯಿತು. ಮರಿಯ ಹತ್ತಿರ ಪ್ರಾಚೀನ ಮೆರ್ವ್ ನಗರದ ಅವಶೇಷಗಳಿವೆ, 1999ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಒಂದು ಇಡೀ ಮಧ್ಯಾಹ್ನ ಅಲ್ಲಿ ಒಬ್ಬನೇ ತಿರುಗಿದೆ.

ಗೈಡ್ ಜೊತೆಗಿನ ಪ್ರವಾಸ ಕೊಟ್ಟದ್ದು ದರ್ವಾಜಾ. ಅಶ್ಗಾಬಾತ್‌ನಿಂದ ಉತ್ತರಕ್ಕೆ ಸುಮಾರು 260 ಕಿಲೋಮೀಟರ್ ದೂರದಲ್ಲಿ ಮರಳಿನ ನಡುವೆ ಉರಿಯುವ ಅನಿಲದ ಕುಳಿ, ಅಗಲ ಹತ್ತಿರ ಹತ್ತಿರ 70 ಮೀಟರ್. ದಾಶೋಗುಜ್‌ನಿಂದ ಅಲ್ಲಿಗೆ ಹೋಗುವ ರಸ್ತೆ ಎಷ್ಟು ಕಿತ್ತುಹೋಗಿದೆ ಎಂದರೆ ಜೀಪಿನವರು ಅನೇಕ ಕಡೆ ರಸ್ತೆ ಬಿಟ್ಟು ಪಕ್ಕದ ಮರಳಿನಲ್ಲೇ ಓಡಿಸುತ್ತಾರೆ. 2022ರ ಜನವರಿಯಲ್ಲಿ ಅಲ್ಲಿನ ಅಧ್ಯಕ್ಷರು ಬೆಂಕಿ ನಂದಿಸಲು ದಾರಿ ಹುಡುಕಿ ಎಂದಿದ್ದರು. ಜ್ವಾಲೆ ಮೊದಲಿಗಿಂತ ಬಹಳ ತಗ್ಗಿದೆ ಎಂದು 2025ರಲ್ಲಿ ಅಲ್ಲಿನ ಅಧಿಕಾರಿಗಳೇ ಹೇಳಿದ್ದಾರೆ, ನೋಡಬೇಕೆನ್ನುವವರು ತಡಮಾಡದಿರುವುದು ಒಳ್ಳೆಯದು. ಚಿಕ್ಕಪ್ಪ ಕುಳಿಯ ಅಂಚಿನಲ್ಲಿ ನಿಂತು ಬೆಂಕಿಯನ್ನು ನೋಡಿದ್ದಕ್ಕಿಂತ ಬಗ್ಗಿ ಮರಳನ್ನು ಮುಟ್ಟಿ ನೋಡಿದ್ದೇ ಹೆಚ್ಚು. “ನಮ್ಮ ಥಾರ್‌ನದು ಇದಕ್ಕಿಂತ ನುಣುಪು” ಎಂದು ತೀರ್ಪು ಕೊಟ್ಟರು. ಅಶ್ಗಾಬಾತ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬಿಳಿ ಅಮೃತಶಿಲೆಯ ಕಟ್ಟಡಗಳು ಅಲ್ಲಿರುವಷ್ಟು ದಟ್ಟವಾಗಿ ಬೇರೆಲ್ಲೂ ಇಲ್ಲವೆಂದು 2013ರಲ್ಲಿ ಗಿನ್ನೆಸ್ ದಾಖಲೆಯಾಗಿದೆ. ಕಣ್ಣು ಕುಕ್ಕುತ್ತದೆ, ಅಷ್ಟೇ.

ಹೊರಹೋಗುವ ದಾರಿಯೂ ಎರಡು ವೀಸಾಗಳಲ್ಲಿ ಬೇರೆಬೇರೆ. ಟ್ರಾನ್ಸಿಟ್‌ನಲ್ಲಿ ಬಂದ ದೇಶಕ್ಕೇ ಮರಳುವಂತಿಲ್ಲ. ನಾನು ಗಡಿಯ ಊರಾದ ಸರಖ್ಸ್ ಮೂಲಕ ಇರಾನಿಗೆ ಹೋದೆ. ಅಲ್ಲಿ ಒಂದು ಮೋಜಿನ ತೊಡಕಿದೆ: ಇರಾನಿನ ಗಡಿಯಾರ ತುರ್ಕಮೆನಿಸ್ತಾನಕ್ಕಿಂತ ಒಂದೂವರೆ ಗಂಟೆ ಹಿಂದೆ. ಈಚೆ ಕಡೆಯವರ ಊಟದ ವಿರಾಮ ಮುಗಿಯುವವರೆಗೆ ಕಾದು ಆಚೆ ಹೋದರೆ ಅಲ್ಲಿನವರ ಊಟದ ಹೊತ್ತು ಶುರುವಾಗಿರುತ್ತದೆ. ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುವುದೊಂದೇ ಉಪಾಯ. ಪ್ರವಾಸಿ ವೀಸಾದಲ್ಲಿ ನಾವು ಫರಾಪ್ ಮೂಲಕ ಮತ್ತೆ ಉಜ್ಬೇಕಿಸ್ತಾನಕ್ಕೇ ಬಂದೆವು. ಹೀಗೆ ಮಾಡುವವರು ಉಜ್ಬೇಕ್ ಇ-ವೀಸಾವನ್ನು ಎರಡು ಪ್ರವೇಶದ್ದು ತೆಗೆದುಕೊಳ್ಳಬೇಕು, ಅದಕ್ಕೆ 35 ಡಾಲರ್.

ಇರಾನಿನ ದಾರಿಯನ್ನು ಈಗ ನಾನು ಯಾರಿಗೂ ಹೇಳುವುದಿಲ್ಲ. 2024ರ ಫೆಬ್ರುವರಿಯಲ್ಲಿ ಭಾರತೀಯರಿಗೆ ವೀಸಾ ಬೇಡವೆಂದು ಅವರು ಪ್ರಕಟಿಸಿದಾಗ ಊರಿನಲ್ಲಿ ಹಲವರು ನನ್ನನ್ನು ಕೇಳಿದರು. ಆ ವಿನಾಯಿತಿ ವಿಮಾನದಲ್ಲಿ ಇಳಿಯುವವರಿಗೆ ಮಾತ್ರ ಇತ್ತು, ಭೂಗಡಿಗೆ ಅನ್ವಯಿಸುತ್ತಿರಲಿಲ್ಲ. 2025ರ ನವೆಂಬರ್‌ನಲ್ಲಿ ಅದನ್ನೂ ನಿಲ್ಲಿಸಿದರು. ಅದೇ ವರ್ಷದ ಜೂನ್‌ನಲ್ಲಿ ಯುದ್ಧದಿಂದಾಗಿ ಇರಾನಿನಲ್ಲಿ ಸಿಲುಕಿದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಇದೇ ತುರ್ಕಮೆನಿಸ್ತಾನದ ಮೂಲಕ, ಅಶ್ಗಾಬಾತ್‌ನಿಂದ ದೆಹಲಿಗೆ ಕರೆತರಲಾಯಿತು.

ಇರಾನ್ ಬಿಟ್ಟರೆ ಟ್ರಾನ್ಸಿಟ್‌ಗೆ ಉಳಿಯುವ ಹೊರದಾರಿಗಳು ಕ್ಯಾಸ್ಪಿಯನ್ ಸಮುದ್ರದ ದಡದಿಂದ ಅಜರ್‌ಬೈಜಾನಿನ ಬಾಕುವಿಗೆ ಹೋಗುವ ಹಡಗು ಮತ್ತು ಕಜಕಿಸ್ತಾನದ ಗಡಿ. ಹಡಗಿಗೆ ವೇಳಾಪಟ್ಟಿ ಎಂಬುದಿಲ್ಲ, ತುಂಬಿದಾಗ ಹೊರಡುತ್ತದೆ. ಐದು ದಿನದ ವೀಸಾ ಹಿಡಿದವನು ಬಂದರಿನಲ್ಲಿ ಅದಕ್ಕಾಗಿ ಕಾಯುವುದು ಎಂದರೆ ಜೂಜಾಟ. ಕಜಕಿಸ್ತಾನಕ್ಕೆ 2022ರ ಜುಲೈನಿಂದ ಭಾರತೀಯರು 14 ದಿನ ವೀಸಾ ಇಲ್ಲದೆ ಹೋಗಬಹುದು. ಆದ್ದರಿಂದ ನನ್ನ ಶಿಫಾರಸು ಹೀಗೆ: ಕೊಯ್ಲಿನ ತಾರೀಖಿಗೆ ಕಟ್ಟುಬಿದ್ದವರು, ವಯಸ್ಸಾದವರನ್ನು ಕರೆದೊಯ್ಯುವವರು ಇನ್ನಿಬ್ಬರನ್ನು ಸೇರಿಸಿಕೊಂಡು ಗೈಡ್ ಜೊತೆಗಿನ ಪ್ರವಾಸವನ್ನೇ ಮಾಡಿ, ಒಳಗೆ ಹೋಗುವಾಗ ಶವಾತ್ ಕೇಳಿ ಪಡೆಯಿರಿ, ಕೆಲಸದ ಪುರಾವೆಯ ಕಾಗದಗಳನ್ನು ಮಳೆಗಾಲದಲ್ಲೇ ಸಿದ್ಧಮಾಡಿಕೊಳ್ಳಿ. ಒಂಟಿಯಾಗಿ ಹೋಗುವವರು, ವೀಸಾ ಬಾರದಿದ್ದರೆ ಸಮರ್‌ಕಂದ್‌ನಲ್ಲೇ ಇನ್ನೊಂದು ವಾರ ಕಳೆಯಲು ಬೇಸರವಿಲ್ಲದವರು ಟ್ರಾನ್ಸಿಟ್‌ಗೆ ಅರ್ಜಿ ಹಾಕಿ. ಆದರೆ ಅರ್ಜಿಯಲ್ಲಿ ಬರೆದ ದಾರಿಯನ್ನು ಬಿಟ್ಟು ಒಂದು ಊರಿಗೂ ಹೋಗಬೇಡಿ. ತಪಾಸಣೆ ಪದೇಪದೇ ಇರುತ್ತದೆ, ದಂಡ ಹಾಕಿ ದೇಶದಿಂದ ಹೊರಗೆ ಕಳುಹಿಸುತ್ತಾರೆ.