ಯೂಗ್ಲಿಶ್: ಇಂಗ್ಲಿಷ್ ಉಚ್ಚಾರ ಕಿವಿಯಿಂದ ಕಲಿಯೋಕೆ ಒಳ್ಳೆಯ ಜಾಗ

ಆಫೀಸಿನಲ್ಲಿ ವರ್ಷಗಟ್ಟಲೆ ನಾನು ‘ರಿಸಿಪ್ಟ್’ ಅಂತಲೇ ಹೇಳುತ್ತಿದ್ದೆ. ಸುತ್ತ ಇದ್ದವರೂ ಹಾಗೇ ಹೇಳುತ್ತಿದ್ದರು, ಹಾಗಾಗಿ ಯಾರೂ ತಿದ್ದಲಿಲ್ಲ. ಅದು ‘ರಿಸೀಟ್’, ಮಧ್ಯದ ‘ಪ’ ಬಾಯಿಗೆ ಬರಲೇಬಾರದು ಅಂತ ಗೊತ್ತಾಗಿದ್ದು ಯೂಗ್ಲಿಶ್ ಅನ್ನೋ ವೆಬ್‌ಸೈಟ್ ಬಳಸೋಕೆ ಶುರು ಮಾಡಿದ ಮೇಲೆ.

ಕೆಲಸ ಸರಳ. ಒಂದು ಪದ ಟೈಪ್ ಮಾಡಿದರೆ, ಯೂಟ್ಯೂಬ್ ವಿಡಿಯೋಗಳಲ್ಲಿ ಯಾರೋ ಆ ಪದ ಹೇಳುವ ಜಾಗಕ್ಕೇ ನೇರವಾಗಿ ಕರೆದುಕೊಂಡು ಹೋಗುತ್ತದೆ. ಕೆಳಗೆ ಸಬ್‌ಟೈಟಲ್ ಇರುತ್ತದೆ. ಒಂದು ಕೇಳಿ ಮುಂದಿನದಕ್ಕೆ ಹೋದರೆ ಬೇರೆ ದನಿ, ಬೇರೆ ವಾಕ್ಯ. ವೇಗ ಕಡಿಮೆ ಮಾಡಿಯೂ ಕೇಳಬಹುದು.

ಕನ್ನಡ ಮೀಡಿಯಂನಲ್ಲಿ ಓದಿದ ನಮಗೆ ಬರೆದ ಹಾಗೇ ಓದುವ ಅಭ್ಯಾಸ, ಅಲ್ವಾ? ಇಂಗ್ಲಿಷ್‌ನಲ್ಲಿ ಅದು ಕೈ ಕೊಡುತ್ತದೆ. ಸಾಲ ಅನ್ನೋ ಅರ್ಥದ ‘ಡೆಟ್’ ಪದ ಫ್ರೆಂಚ್‌ನಿಂದ ಬಂದಾಗ ಅದರಲ್ಲಿ ‘ಬಿ’ ಅಕ್ಷರವೇ ಇರಲಿಲ್ಲ, ಲ್ಯಾಟಿನ್ ಮೂಲ ನೆನಪಿಸಲು ಪಂಡಿತರು ಆಮೇಲೆ ಸೇರಿಸಿದ್ದು. ಅದೇ ‘ಕರ್ನಲ್’ ನೋಡಿ. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ‘ಆರ್’ ಅಕ್ಷರವೇ ಇಲ್ಲ, ಆದರೂ ನಾವು ಸರಿಯಾಗಿ ಹೇಳುತ್ತೇವೆ. ಯಾಕಂದ್ರೆ ಅದನ್ನು ಮೊದಲು ಕಿವಿಯಲ್ಲಿ ಕೇಳಿದ್ದೇವೆ.

ನನಗೆ ಜಾಸ್ತಿ ಉಪಯೋಗವಾಗಿದ್ದು ಒತ್ತು ಎಲ್ಲಿ ಬೀಳುತ್ತೆ ಅಂತ ಹಿಡಿಯೋಕೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ‘ಫೋ’ ಮೇಲೆ. ಫೋಟೋ ತೆಗೆಯುವವನನ್ನು ಹೇಳುವಾಗ ಅದು ‘ಫೊಟಾಗ್ರಫರ್’ ಆಗಿ, ಒತ್ತು ‘ಟಾ’ಗೆ ಜಾರುತ್ತದೆ. ನಾವು ‘ಡೆವಲಪ್’ ಅಂತ ಮೊದಲಕ್ಷರ ಒತ್ತುತ್ತೇವೆ, ಅದು ‘ಡಿವೆಲಪ್’, ಒತ್ತು ‘ವೆ’ ಮೇಲೆ. ಇದನ್ನು ಪುಸ್ತಕದಲ್ಲಿ ಓದಿದ್ದೆ, ತಲೆಗೆ ಹತ್ತಿರಲಿಲ್ಲ. ಹತ್ತು ಜನರ ಬಾಯಲ್ಲಿ ಕೇಳಿದಾಗ ನಾಲಿಗೆ ತಾನಾಗಿ ತಿರುಗಿತು. ಮುಂಚೆ ದುಡ್ಡು ಕೊಟ್ಟು ಒಂದು ಆ್ಯಪ್ ತೆಗೆದುಕೊಂಡಿದ್ದೆ, ಅದರಲ್ಲಿ ಒಂದೇ ದನಿ, ಬರೀ ಒಂಟಿ ಪದ, ಎರಡು ವಾರದಲ್ಲಿ ಬಿಟ್ಟುಬಿಟ್ಟೆ.

ಕೊರತೆಯೂ ಇದೆ. ‘ರೆಕಾರ್ಡ್’ ಅಂತ ಸುಮ್ನೆ ಹುಡುಕಿದರೆ ನಾಮಪದ, ಕ್ರಿಯಾಪದ ಎರಡೂ ಬೆರೆತು ಬರುತ್ತವೆ, ಎರಡಕ್ಕೂ ಒತ್ತು ಬೇರೆ ಬೇರೆ. ಅಂಥ ಪದಕ್ಕೆ ನಾನು ಮೊದಲು ಕೇಂಬ್ರಿಡ್ಜ್ ಡಿಕ್ಷನರಿ ವೆಬ್‌ಸೈಟ್ ನೋಡುತ್ತೇನೆ, ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರ ಅಲ್ಲಿ ಉಚಿತವಾಗಿ ಸಿಗುತ್ತವೆ.

ಇನ್ನೊಂದು, ಹುಡುಕುವ ಮುಂಚೆ ಯಾವ ದೇಶದ ಇಂಗ್ಲಿಷ್ ಬೇಕು ಅಂತ ಆರಿಸಿಕೊಳ್ಳಿ. ಇಲ್ಲದಿದ್ದರೆ ಒಬ್ಬರು ‘ಶೆಡ್ಯೂಲ್’ ಅಂತಾರೆ, ಮುಂದಿನವರು ‘ಸ್ಕೆಜೂಲ್’ ಅಂತಾರೆ. ಎರಡೂ ಸರಿಯೇ.