‘ಗ್ಯಾಸ್ ಪೋಯಿ’ ಎಂದ ಕೂಡಲೇ ದುಡ್ಡು ಎಣಿಸಬೇಡಿ

ಕಾಸರಗೋಡಿನ ನೆಲ್ಲಿಕುಂಜೆ ಕಡೆಯ ಒಂದು ಮನೆ. ಸಮುದ್ರಕ್ಕೆ 300 ಮೀಟರ್ ಕೂಡ ಇಲ್ಲ. ಒಂದೂವರೆ ಟನ್ನಿನ ಇನ್‌ವರ್ಟರ್ ಸ್ಪ್ಲಿಟ್ ಎಸಿ, ಆರ್-32 ಗ್ಯಾಸಿನದು. ಮೂರು ಬೇಸಗೆಗೆ ಮೂರು ಬಿಲ್ಲು, ಮೂರರಲ್ಲೂ ಒಂದೇ ಸಾಲು: ಗ್ಯಾಸ್ ಫಿಲ್ಲಿಂಗ್, 3,000 ರೂಪಾಯಿ. ನಾಲ್ಕನೆಯ ಸಲ ಬಂದವನು ಕಂಡೆನ್ಸರೇ (ಹೊರಗಿನ ಯೂನಿಟ್ಟಿನಲ್ಲಿ ಬಿಸಿ ಹೊರಹಾಕುವ ಕಾಯಿಲು) ಹೋಗಿದೆ, ಹೊಸ ಮೆಷಿನ್ ತೆಗೆದುಕೊಳ್ಳುವುದು ಲಾಭ ಎಂದ. ಹೊರಗಿನ ಯೂನಿಟ್ಟಿನ ಕವರು ಬಿಚ್ಚಿ ನೋಡಿದರೆ ಕಾಯಿಲಿನ ತೀರಾ ಕೆಳಗಿನ ಯು-ಬೆಂಡಿನಲ್ಲಿ ಹಸಿರು ಕಿಲುಬು, ಅದರ ಸುತ್ತ ಜಿಡ್ಡಿಗೆ ಮೆತ್ತಿಕೊಂಡ ಕಪ್ಪು ಮಣ್ಣು. ಗ್ಯಾಸ್ ಸೋರುವ ಜಾಗದಲ್ಲಿ ಕಂಪ್ರೆಸರಿನ ಎಣ್ಣೆಯೂ ತುಸು ತುಸುವೇ ಹೊರಗೆ ಬರುತ್ತದೆ. ಆ ಕಲೆ ಕಾಣಲು ಒಂದು ಟಾರ್ಚು, ಒಂದು ಸ್ಕ್ರೂಡ್ರೈವರು ಸಾಕಿತ್ತು. 9,000 ರೂಪಾಯಿ ಹೋದದ್ದು ಕವರು ಬಿಚ್ಚದೆ ಇದ್ದುದಕ್ಕೆ.

ಎಸಿಯ ಗ್ಯಾಸ್ ಅಡುಗೆ ಗ್ಯಾಸಿನ ಹಾಗೆ ಉರಿದು ಮುಗಿಯುವಂಥದ್ದಲ್ಲ. ತಾಮ್ರದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ತೂತು ಇಲ್ಲದಿದ್ದರೆ ಹತ್ತು ವರ್ಷವಾದರೂ ಅಷ್ಟೇ ಇರುತ್ತದೆ. ಹಾಗಾಗಿ ‘ಗ್ಯಾಸ್ ಪೋಯಿ’, ಅಂದರೆ ಗ್ಯಾಸ್ ಹೋಯಿತು, ಎಂದು ಮೆಕ್ಯಾನಿಕ್ ಮಲಯಾಳದಲ್ಲಿ ಹೇಳಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿಂದ ಹೋಯಿತು? ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಲೇಬೇಕು ಎನ್ನುವವನನ್ನು ಗೇಟಿನಿಂದಲೇ ಕಳಿಸಿ.

ಒತ್ತಡ ಅಳೆಯುವ ಗೇಜು ತೋರಿಸಿ ಹೆದರಿಸುವುದು ಇನ್ನೊಂದು. ಮೆಷಿನ್ ನಿಂತಿರುವಾಗ ಗೇಜು ಎಷ್ಟು ತೋರಿಸುತ್ತದೆ ಎಂಬುದರಿಂದ ಗ್ಯಾಸಿನ ಪ್ರಮಾಣ ಗೊತ್ತಾಗುವುದಿಲ್ಲ. ಒಳಗೆ ಸ್ವಲ್ಪವಾದರೂ ದ್ರವ ಉಳಿದಿರುವವರೆಗೆ ಒತ್ತಡವನ್ನು ನಿರ್ಧರಿಸುವುದು ಹೊರಗಿನ ಸೆಕೆ. 30 ಡಿಗ್ರಿಯಲ್ಲಿ ಆರ್-32 ಸುಮಾರು 265 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ, ಅರ್ಧ ಗ್ಯಾಸ್ ಹೋಗಿದ್ದರೂ ಅಷ್ಟೇ. ಓಡುವಾಗ ನೋಡೋಣ ಎಂದರೆ ಇನ್‌ವರ್ಟರ್ ಮೆಷಿನ್ನಿನಲ್ಲಿ ಕಂಪ್ರೆಸರಿನ ವೇಗ ಬದಲಾದ ಹಾಗೆ ಒತ್ತಡವೂ ಏರಿಳಿಯುತ್ತದೆ. ಸರಿಯಾದ ದಾರಿ ತೂಕ. ಎಷ್ಟು ಗ್ಯಾಸ್ ಬೇಕೆಂದು ಹೊರಗಿನ ಯೂನಿಟ್ಟಿನ ಲೇಬಲ್ಲಿನಲ್ಲಿ ಗ್ರಾಮಿನ ಲೆಕ್ಕದಲ್ಲಿ ಬರೆದಿರುತ್ತದೆ. ತಕ್ಕಡಿ ತರದೆ ಸಿಲಿಂಡರ್ ಮಾತ್ರ ತಂದವನು ಅಂದಾಜಿನಲ್ಲೇ ತುಂಬುತ್ತಾನೆ. ಹೆಚ್ಚಾದರೂ ಕಂಪ್ರೆಸರಿಗೆ ಪೆಟ್ಟು, ಕಡಿಮೆಯಾದರೂ ಪೆಟ್ಟು.

ಒಳಗಿನ ಕಾಯಿಲಿನಲ್ಲಿ ಐಸು ಕಟ್ಟಿದ್ದನ್ನು ತೋರಿಸಿ ಗ್ಯಾಸ್ ಕಡಿಮೆ ಎನ್ನುವುದೂ ಉಂಟು. ಫಿಲ್ಟರಿನಲ್ಲಿ ಧೂಳು ಕಟ್ಟಿ ಗಾಳಿ ಓಡದಿದ್ದರೂ ಹಾಗೆಯೇ ಐಸು ಕಟ್ಟುತ್ತದೆ. ಮೊದಲು ಫಿಲ್ಟರ್ ತೊಳೆದು, ಐಸು ಕರಗಲು ಬಿಟ್ಟು, 15 ನಿಮಿಷ ಓಡಿಸಿ ನೋಡಿ. ಒಳಗೆ ಎಳೆಯುವ ಗಾಳಿಗೂ ಹೊರಗೆ ಬಿಡುವ ಗಾಳಿಗೂ 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಮೆಷಿನ್ ಆರೋಗ್ಯವಾಗಿದೆ. ಮಳೆಗಾಲದ ಒದ್ದೆ ಹವೆಯಲ್ಲಿ ಈ ಅಂತರ ಕಡಿಮೆಯಾಗುವುದು ಸಹಜ, ಶಕ್ತಿಯ ಒಂದು ಪಾಲು ಗಾಳಿಯ ನೀರು ಹಿಂಡುವುದಕ್ಕೇ ಹೋಗುತ್ತದೆ.

ನಿಜಕ್ಕೂ ಸೋರಿದ್ದರೆ ಕೆಲಸದ ಕ್ರಮ ಹೀಗೆ. ಮೊದಲು ಕಾಲು ಇಂಚು, ಅರ್ಧ ಇಂಚಿನ ಪೈಪು ಸೇರುವ ಹಿತ್ತಾಳೆಯ ಫ್ಲೇರ್ ನಟ್ಟುಗಳಿಗೆ ಸೋಪಿನ ನೊರೆ ಹಚ್ಚಬೇಕು. ಅಲ್ಲಿ ಗುಳ್ಳೆ ಏಳದಿದ್ದರೆ ಉಳಿದ ಗ್ಯಾಸ್ ತೆಗೆದು, ಒಣ ನೈಟ್ರೋಜನ್ 350ರಿಂದ 400 ಪಿಎಸ್‌ಐವರೆಗೆ ತುಂಬಿ, ಒಳಗಿನ ಮತ್ತು ಹೊರಗಿನ ಕಾಯಿಲಿನ ಬೆಂಡುಗಳನ್ನೆಲ್ಲ ನೊರೆ ಹಚ್ಚಿ ನೋಡಬೇಕು. ತೂತು ಸಿಕ್ಕಿದ ಮೇಲೆ ಬ್ರೇಜಿಂಗ್ ಬೆಸುಗೆ, ಮತ್ತೆ ನೈಟ್ರೋಜನ್, ಕೆಲವು ಗಂಟೆ ಹಾಗೇ ಬಿಟ್ಟು ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು. ಕೊನೆಗೆ ವ್ಯಾಕ್ಯೂಮ್ ಪಂಪಿನಿಂದ ಅರ್ಧ ಗಂಟೆಯಾದರೂ ಎಳೆದು, ತೂಕ ಮಾಡಿ ಗ್ಯಾಸ್ ಹಾಕುವುದು. ನೈಟ್ರೋಜನ್ನಿನ ಬದಲು ಗಾಳಿ ಅಥವಾ ಆಮ್ಲಜನಕ ತುಂಬಲು ಹೊರಟರೆ ಕೈ ಹಿಡಿದು ನಿಲ್ಲಿಸಿ, ಎಣ್ಣೆಯ ಜೊತೆ ಸೇರಿ ಸಿಡಿಯಬಹುದು. ಆರ್-32 ನಿಧಾನವಾಗಿಯಾದರೂ ಉರಿಯುವ ಗ್ಯಾಸ್. ಅದು ಒಳಗಿರುವಾಗಲೇ ಬೆಸುಗೆಯ ಜ್ವಾಲೆ ಹಿಡಿಯುವುದು ಧೈರ್ಯವಲ್ಲ, ಹುಚ್ಚು.

ವ್ಯಾಕ್ಯೂಮ್ ಮಾಡದೆ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರದಬ್ಬಿ ಮುಗಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ಕಳ್ಳದಾರಿ. ನಮ್ಮ ಕರಾವಳಿಯ ಗಾಳಿ ಅಂದರೆ ಅರ್ಧ ನೀರೇ. ಆರ್-32 ಮತ್ತು ಆರ್-410ಎ ಮೆಷಿನ್ನುಗಳ ಎಣ್ಣೆ ಆ ತೇವವನ್ನು ಹೀರಿಕೊಂಡು ಆಮ್ಲವಾಗುತ್ತದೆ, ಆಮ್ಲ ಕಂಪ್ರೆಸರಿನ ಮೋಟಾರಿನ ತಂತಿ ಸುತ್ತನ್ನು (ವೈಂಡಿಂಗ್) ತಿನ್ನುತ್ತದೆ. ಕೆಟ್ಟದ್ದು ಒಂದೆರಡು ವರ್ಷದ ಮೇಲೆ ಗೊತ್ತಾಗುವುದರಿಂದ ಯಾರ ಕೈವಾಡ ಎಂದು ಹೇಳಲು ಆಗುವುದಿಲ್ಲ.

ಇನ್ನು ತೂತು ಬೀಳುವುದೇಕೆ? ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆ ಜೋಡಿಸಿ ಕಾಯಿಲು ಮಾಡುತ್ತಾರೆ. ಎರಡು ಬೇರೆ ಲೋಹಗಳ ನಡುವೆ ಉಪ್ಪಿನ ತೇವ ಕೂತರೆ ಅದೊಂದು ಪುಟ್ಟ ಬ್ಯಾಟರಿ. ಮೊದಲು ಕರಗುವುದು ಅಲ್ಯೂಮಿನಿಯಂ. ಬಿಳಿ ಪುಡಿ ಕಾಣಿಸುತ್ತದೆ, ಆಮೇಲೆ ಬೆರಳು ತಾಗಿಸಿದರೆ ರೆಕ್ಕೆಗಳು ಕರಕಲು ಹಪ್ಪಳದ ಹಾಗೆ ಉದುರುತ್ತವೆ. ರೆಕ್ಕೆ ಹೋದರೆ ಬಿಸಿ ಹೊರಹೋಗುವುದಿಲ್ಲ, ಕಂಪ್ರೆಸರ್ ಏದುಸಿರು ಬಿಡುತ್ತದೆ, ಕರೆಂಟ್ ಬಿಲ್ಲು ಏರುತ್ತದೆ. ಕಾಯಿಲಿನ ತಳ ತಗಡಿನ ತಟ್ಟೆಗೆ ತಾಗುವಲ್ಲಿ ಉಪ್ಪು, ಮಣ್ಣು, ಎಲೆ ಸೇರಿ ಸದಾ ಒದ್ದೆ. ತಾಮ್ರ ತೂತಾಗುವುದು ಹೆಚ್ಚಾಗಿ ಅಲ್ಲೇ. ಇನ್ನೊಂದು ಜಾಗ ಮುರಕಲ್ಲಿನ ಗೋಡೆಯ ತೂತು: ಪೈಪಿನ ಕಪ್ಪು ಕವಚ ಹರಿದು ತಾಮ್ರಕ್ಕೆ ನೇರ ಸಿಮೆಂಟ್ ತಾಗಿರುತ್ತದೆ.

ನೀಲಿ ರೆಕ್ಕೆಯ ಮೆಷಿನ್ ಎಂದು ಮಾರುವವರು ಹೇಳುವ ಲೇಪ ನಿಜಕ್ಕೂ ಪ್ರಯೋಜನದ್ದೇ. ಆದರೆ ಸರ್ವಿಸಿಗೆ ಬಂದವನು ಆಸಿಡ್ ಬೆರೆಸಿದ ಕ್ಲೀನರ್ ಸಿಂಪಡಿಸಿದರೆ ಆ ಲೇಪ ಬೇಗನೇ ಹಾಳಾಗುತ್ತದೆ. ಸಿಂಪಡಿಸಿದ ಕೂಡಲೇ ಬುಸ್ಸೆಂದು ನೊರೆ ಬಂದು ಮೂಗಿಗೆ ಹತ್ತುವ ಘಾಟು ಎದ್ದರೆ ಅಲ್ಲಿಗೇ ನಿಲ್ಲಿಸಲು ಹೇಳಿ. ಕಾಯಿಲು ಫಳಫಳ ಹೊಳೆಯುತ್ತದೆ, ಮನೆಯವರಿಗೆ ಖುಷಿ, ಮುಂದಿನ ವರ್ಷ ಬಿಳಿ ಪುಡಿ. ಪ್ರೆಷರ್ ವಾಷರಿನ ಮೂತಿಯನ್ನು ಗೇಣುದ್ದ ಹತ್ತಿರ ಹಿಡಿದು ರೆಕ್ಕೆ ಮಡಚಿ ಹಾಕುವವರೂ ಇದ್ದಾರೆ.

ಉಪ್ಪಿಗೆ ಮದ್ದು ಸಿಹಿ ನೀರು. ಎಂಸಿಬಿ (ಎಸಿಯ ಕರೆಂಟ್ ಕಡಿಯುವ ಸ್ವಿಚ್ಚು) ಆಫ್ ಮಾಡಿ, ಐದು ನಿಮಿಷ ಕಾದು, ಪೈಪು ಹಾಗೂ ವೈರು ಹೋಗುವ ಬದಿಯನ್ನು ಬಿಟ್ಟು, ಸಾದಾ ಹೋಸಿನಿಂದ ಕಾಯಿಲಿಗೆ ಮೇಲಿನಿಂದ ಕೆಳಗೆ ಎರಡು ಬಕೆಟ್ ನೀರು ಹರಿಸಿ. ತಳದ ಕಸ ತೆಗೆದು ನೀರು ಬಸಿಯುವ ತೂತು ತೆರೆದಿದೆಯೇ ನೋಡಿ, ಪೂರ್ತಿ ಒಣಗಿದ ಮೇಲೆ ಸ್ವಿಚ್ ಹಾಕಿ. ಏಣಿ ಇಟ್ಟು ಹತ್ತಬೇಕಾದ ಎತ್ತರದಲ್ಲಿದ್ದರೆ ಇದನ್ನೂ ಸರ್ವಿಸಿನವನಿಂದಲೇ ಮಾಡಿಸಿ. ಕಡಲ ಬದಿಯ ಮನೆಗೆ ತಿಂಗಳಿಗೊಮ್ಮೆ ಬೇಕು. ಸನ್‌ಶೇಡಿನ ಅಡಿಯಲ್ಲಿರುವ ಯೂನಿಟ್ಟಿಗಂತೂ ಮಳೆಗಾಲದಲ್ಲೂ ತಪ್ಪಿಸಬೇಡಿ. ಅಲ್ಲಿಗೆ ಉಪ್ಪಿನ ಗಾಳಿ ಬರುತ್ತದೆ, ತೊಳೆಯುವ ಮಳೆ ಬರುವುದಿಲ್ಲ. ಜೂನ್ ಬಂತೆಂದು ಪ್ಲಾಸ್ಟಿಕ್ ಹೊದಿಸಿ ಕಟ್ಟುವುದು ಇನ್ನೂ ಕೆಟ್ಟದ್ದು, ಒಳಗೆ ತೇವ ಬೆವರಿ ಕೂರುತ್ತದೆ.

ಆದರೆ ಯಾವ ನೀರು? ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳ ಅಳಿವೆ ಹತ್ತಿರದ ಬಾವಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ಏರುತ್ತದೆ. ಅದೇ ನೀರಿನಲ್ಲಿ ಕಾಯಿಲು ತೊಳೆದರೆ ಉಪ್ಪು ತೊಳೆದದ್ದಲ್ಲ, ಬಳಿದದ್ದು. ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಎಂಬ ಮಿತಿ ಇದೆ. ಅದನ್ನು ದಾಟಿದ ನೀರು ಕಾಯಿಲಿಗೂ ಬೇಡ. ಟೆರೇಸಿನ ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಗಲ್ಫಿನಲ್ಲಿದ್ದು ವರ್ಷಕ್ಕೊಮ್ಮೆ ಬರುವವರ ಮನೆಗಳಲ್ಲಿ ಎಸಿ ಬೇಗ ಸಾಯುತ್ತದೆ, ಓಡದೆ ಇರುವುದರಿಂದಲೇ. ಬೀಗದ ಕೈ ಇಟ್ಟುಕೊಂಡವರು ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸಲಿ, ಆಮೇಲೆ ಎಂಸಿಬಿ ಇಳಿಸಲಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಇನ್‌ವರ್ಟರ್ ಬೋರ್ಡ್ ಹೋದರೆ ಗ್ಯಾಸಿನ ಖರ್ಚಿಗಿಂತ ಎಷ್ಟೋ ಪಟ್ಟು. ಹಲ್ಲಿ, ಇರುವೆ ಬೋರ್ಡಿನೊಳಗೆ ಸೇರುವುದೂ ಬೀಗ ಹಾಕಿದ ಮನೆಗಳಲ್ಲೇ ಹೆಚ್ಚು.

ವಾರಂಟಿ ಇದೆಯಲ್ಲ ಎನ್ನುವವರು ಕಾರ್ಡಿನ ಹಿಂಬದಿ ಓದಿ. ಹತ್ತು ವರ್ಷ ಎಂದು ದೊಡ್ಡಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ. ಗ್ಯಾಸ್, ಕೂಲಿ, ಕಾಯಿಲು ಅದರ ಹೊರಗೆ, ತುಕ್ಕಿನಿಂದ ಆದ ಹಾನಿಯಂತೂ ಹಲವು ಕಾರ್ಡುಗಳಲ್ಲಿ ಪೂರ್ತಿ ಹೊರಗೆ. ವಾರ್ಷಿಕ ಒಪ್ಪಂದಕ್ಕೆ ಸಹಿ ಹಾಕುವಾಗಲೂ ಗ್ಯಾಸ್ ಮತ್ತು ಕಾಯಿಲು ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಎಲ್ಲವೂ ಸೇರಿರುತ್ತದೆ.

ಬಿಲ್ಲಿನಲ್ಲಿ ‘ಗ್ಯಾಸ್ ಫಿಲ್ಲಿಂಗ್’ ಎಂದಷ್ಟೇ ಬರೆಯಲು ಬಿಡಬೇಡಿ. ಸೋರಿದ ಜಾಗ, ನೈಟ್ರೋಜನ್ ಒತ್ತಡ, ಎಷ್ಟು ಹೊತ್ತು ನಿಲ್ಲಿಸಿದರು, ಹಾಕಿದ ಗ್ಯಾಸ್ ಎಷ್ಟು ಗ್ರಾಂ, ಈ ನಾಲ್ಕನ್ನೂ ಬರೆಸಿ, ಬೆಸುಗೆ ಹಾಕಿದ ಜಾಗದ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಬೇಸಗೆಗೆ ಬರುವವನು ಬೇರೆಯವನಾದರೂ ಮೊದಲು ಆ ಜಾಗಕ್ಕೇ ಟಾರ್ಚು ಬಿಡಬಹುದು.