‘ಎಐ ರೋಬೋಟ್’ ಕೊಳ್ಳುವ ಮುನ್ನ ಇಂಟರ್ನೆಟ್ ತೆಗೆಸಿ ನೋಡಿ

ಮಕ್ಕಳಿಗೆ ಕೃತಕ ಬುದ್ಧಿಮತ್ತೆ (ಎಐ) ಕಲಿಸಲು ರೋಬೋಟ್ ಕೊಳ್ಳಬೇಕೆಂದು ಹಣ ಹೊಂದಿಸುತ್ತಿರುವ ಶಿಕ್ಷಕರು, ಎಸ್‌ಡಿಎಂಸಿಯವರು ಇದನ್ನು ದಯವಿಟ್ಟು ಓದಿ. ಹಳೆಯ ವಿದ್ಯಾರ್ಥಿಗಳು ದೇಣಿಗೆ ಕೂಡಿಸಿ ನಮ್ಮ ಪ್ರೌಢಶಾಲೆಗೆ ಕೊಡಿಸಿದ ರೋಬೋಟ್‌ಗಳು ಈಗ ಬೀರು ಸೇರಿವೆ.

ಮಾರಲು ಬಂದ ಕಂಪನಿಯವರ ಪ್ರದರ್ಶನವೇನೋ ಸೊಗಸಾಗಿತ್ತು. ರೋಬೋಟ್ ಕಪ್ಪು ಗೆರೆ ಹಿಡಿದು ನಡೆಯಿತು, ಗೋಡೆ ಎದುರಾದಾಗ ತಿರುಗಿತು, ಮುಖ್ಯೋಪಾಧ್ಯಾಯರ ಮುಖ ಗುರುತಿಸಿ ‘ಗುಡ್ ಮಾರ್ನಿಂಗ್’ ಎಂದಿತು. ಚಪ್ಪಾಳೆಯೋ ಚಪ್ಪಾಳೆ!

ಗೆರೆ ಹಿಡಿದು ನಡೆಯುವುದರಲ್ಲಿ ಎಐ ಮಾತೇ ಇಲ್ಲ. ಅಡಿಯಲ್ಲಿರುವ ಇನ್‌ಫ್ರಾರೆಡ್ ಸೆನ್ಸರ್ ಬಿಡುವ ಕಿರಣವನ್ನು ಬಿಳಿ ನೆಲ ಹಿಂದಿರುಗಿಸುತ್ತದೆ, ಕಪ್ಪು ಗೆರೆ ಹೀರಿಕೊಳ್ಳುತ್ತದೆ. ಗೋಡೆಗೆ ಗುದ್ದದಂತೆ ತಡೆಯುವುದು ಅಲ್ಟ್ರಾಸಾನಿಕ್ ಸೆನ್ಸರ್‌ಗೆ ಮರಳಿ ಬರುವ ಪ್ರತಿಧ್ವನಿ. ಹೀಗಾದರೆ ಹಾಗೆ ಮಾಡು ಎಂಬ ಕೆಲವೇ ಸಾಲಿನ ಆಜ್ಞೆ ಇದಕ್ಕೆ ಸಾಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಬಿಡಿಭಾಗ, ಆಜ್ಞೆ ತುಂಬಿಸಬಹುದಾದ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ತಂದುಕೊಟ್ಟರೆ ಒಂಬತ್ತನೇ ತರಗತಿಯವರೇ ಜೋಡಿಸುತ್ತಾರೆ. ಕಲಿಯತಕ್ಕ ವಿದ್ಯೆಯೇ ಅದು. ಎಐ ಎಂದು ಚೀಟಿ ಅಂಟಿಸಿ ಬೆಲೆ ಏರಿಸಿದ್ದಕ್ಕೆ ನನ್ನ ತಕರಾರು.

ಮುಖ ಗುರುತಿಸುವುದು ನಿಜಕ್ಕೂ ಎಐ. ಆದರೆ ಆ ಕೆಲಸ ನಡೆಯುತ್ತಿದ್ದುದು ರೋಬೋಟಿನೊಳಗಲ್ಲ, ಕಂಪನಿಯ ಸರ್ವರ್‌ನಲ್ಲಿ. ಪ್ರದರ್ಶನದ ದಿನ ಅವರ ಮೊಬೈಲ್ ಹಾಟ್‌ಸ್ಪಾಟ್ ಅದನ್ನು ನಡೆಸಿತ್ತು. ಶಾಲೆಯ ಇಂಟರ್ನೆಟ್ ಹೋದಾಗಲೆಲ್ಲ ರೋಬೋಟ್ ಮೂಕ. ಮೊದಲ ವರ್ಷ ಮುಗಿಯುತ್ತಲೇ ಆ್ಯಪ್ ಚಂದಾ ಕೇಳಿತು. ದರಪಟ್ಟಿಯಲ್ಲಿ ಅದರ ಸುಳಿವೂ ಇರಲಿಲ್ಲ. ಕರೆ ಮಾಡಿದರೆ ‘ಸರ್, ಅದು ಬೇರೆ ವಿಭಾಗ’ ಎಂಬ ಉತ್ತರ. ಮಕ್ಕಳ ಮುಖಚಿತ್ರಗಳು ಎಲ್ಲಿಗೆ ಹೋದವು ಎಂದು ಕೇಳಿದ್ದಕ್ಕೆ ಅಷ್ಟು ಉತ್ತರವೂ ಇಲ್ಲ. 18 ವರ್ಷದೊಳಗಿನವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ದೊಡ್ಡ ಹೆಸರಿದ್ದರೆ ಭಯವಿಲ್ಲ ಎನ್ನುವಂತೆಯೂ ಇಲ್ಲ. ಅಮೆರಿಕದಲ್ಲಿ 799 ಡಾಲರ್‌ಗೆ ಮಾರಾಟವಾದ ಮಾಕ್ಸಿ ಎಂಬ ಮಕ್ಕಳ ರೋಬೋಟಿನ ಕಂಪನಿ 2024ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕುವುದಾಗಿ ಹೇಳಿದಾಗ, ಸರ್ವರ್ ನಿಂತರೆ ರೋಬೋಟೂ ನಿಲ್ಲುತ್ತದೆಂದು ಹಲವು ಮಕ್ಕಳು ಅತ್ತರು.

ಇದೆಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ಬೇರೆ. ಆ ರೋಬೋಟಿಗೆ ಮಕ್ಕಳು ಏನನ್ನೂ ಕಲಿಸುವಂತಿರಲಿಲ್ಲ. ಎಲ್ಲವೂ ಮೊದಲೇ ಕಲಿತು ಬಂದಿತ್ತು. ಗೂಗಲ್‌ನ ಟೀಚಬಲ್ ಮಷೀನ್ ಎಂಬ ಜಾಲತಾಣದಲ್ಲಿ ಚಿತ್ರ ಕೊಟ್ಟು ಕಂಪ್ಯೂಟರಿಗೆ ನಾವೇ ಕಲಿಸಬಹುದು, ಅದು ಉಚಿತ; ಕ್ಯಾಮೆರಾ ಇರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೆರೆದು ನಿಂಬೆ ಮತ್ತು ಸೀಬೆಯ ಚಿತ್ರಗಳನ್ನು ಕೊಟ್ಟೆವು. ನಿಂಬೆಯನ್ನೆಲ್ಲ ಕಿಟಕಿಯ ಬಳಿ, ಸೀಬೆಯನ್ನೆಲ್ಲ ಮೇಜಿನ ಮೇಲೆ ತೆಗೆದಿದ್ದರಿಂದ, ಕಿಟಕಿಯ ಬಳಿ ಹಿಡಿದ ಸೀಬೆಯನ್ನೂ ಅದು ನಿಂಬೆ ಎಂದಿತು. ಹಣ್ಣನ್ನಲ್ಲ, ಬೆಳಕನ್ನು ಕಲಿತಿದೆ ಎಂದು ಒಬ್ಬ ಹುಡುಗಿ ಹಿಡಿದುಬಿಟ್ಟಳು. ಬೀರುವಿನಲ್ಲಿರುವ ಪೆಟ್ಟಿಗೆಗಳಿಂದ ಇಂಥ ಒಂದು ಗಂಟೆ ಸಿಗಲಿಲ್ಲ.

ಹಾಗಾಗಿ ಮಾರುವವರು ಬಂದರೆ ಮೊದಲು ಇಂಟರ್ನೆಟ್ ತೆಗೆಸಿ. ನೀವೇ ತಂದ ಎರಡು ವಸ್ತುಗಳನ್ನು ನಿಮ್ಮೆದುರೇ ಅದಕ್ಕೆ ಕಲಿಸಿ ತೋರಿಸಲು ಹೇಳಿ. ಚಂದಾ ಎಷ್ಟು, ಎಷ್ಟು ವರ್ಷ, ಕಂಪನಿ ಮುಚ್ಚಿದರೆ ಯಾವ ಭಾಗ ಕೆಲಸ ಮಾಡುತ್ತದೆ ಎಂಬುದನ್ನು ದರಪಟ್ಟಿಯಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಈಗಾಗಲೇ ಕೊಂಡು ಕೈಕಚ್ಚಿಕೊಂಡವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಮ್ಮ ದೂರು ಅಲ್ಲಿ ದಾಖಲಾಗಿದೆ.